ಶನಿವಾರದ ಪ್ಯಾನ್‌ಕೇಕ್, ಯಜಮಾನರ ಸಕ್ಕರೆ

ಪ್ರಶ್ನೆ: ಮೇಡಂ, ಆರು ತಿಂಗಳಿಗೆಂದು ಒಹಾಯೊದ ಮಗನ ಮನೆಗೆ ಬಂದಿದ್ದೇವೆ. ಯಜಮಾನರಿಗೆ 64, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ವಾರವಿಡೀ ನನ್ನ ಕೈಯಡುಗೆ, ತಕರಾರಿಲ್ಲ. ಶನಿವಾರ ಬೆಳಿಗ್ಗೆ ಮಾತ್ರ ಮಗ ಪ್ಯಾನ್‌ಕೇಕ್ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ಇವರು ‘ಇದೂ ನಮ್ಮ ಸೆಟ್ ದೋಸೇನೇ ಕಣೇ’ ಅಂತ ಮೂರನ್ನೂ ಮುಗಿಸುತ್ತಾರೆ. ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಬರುವುದಿಲ್ಲ ಅಂದರೆ ಮಗನಿಗೆ ಬೇಜಾರು. ಅಲ್ಲಿ ಏನು ತಿನ್ನಿಸಲಿ?
– ದಾವಣಗೆರೆಯ ಓದುಗರೊಬ್ಬರು

ಉತ್ತರ: ಹೋಗುವುದನ್ನು ಬಿಡಬೇಡಿ. ವಾರಕ್ಕೊಮ್ಮೆ ಮಗ ಫೋನ್ ಕೆಳಗಿಟ್ಟು ಅಪ್ಪ ಅಮ್ಮನ ಎದುರು ಕೂರುತ್ತಾನಲ್ಲ, ಅದನ್ನು ಕಳೆದುಕೊಳ್ಳುವುದು ಯಾಕೆ?

ಮೊದಲು ನನ್ನದೇ ಕಥೆ ಕೇಳಿ. ಮಗಳು ಅಟ್ಲಾಂಟದಲ್ಲಿದ್ದಾಗ ನಮಗೂ ಇದೇ ಪದ್ಧತಿ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಪಥ್ಯದ ಚೀಟಿ ಬರೆದವಳು ನಾನು, ಆ ಗತ್ತಿನಲ್ಲಿ ಪಾಲಕ್ ಆಮ್ಲೆಟ್ ಹೇಳಿದೆ. ಎರಡು ಅಂಗೈ ಅಗಲದ ಆಮ್ಲೆಟ್ ಬಂತು. ಹಿಂದೆಯೇ ಇನ್ನೊಂದು ತಟ್ಟೆ: ಮೂರು ಪ್ಯಾನ್‌ಕೇಕ್, ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಉಂಡೆ. ಆಮ್ಲೆಟ್ ಜೊತೆ ಅದು ‘ಸೈಡ್’ ಅಂತೆ! ಹೇಗಿದ್ದರೂ ದುಡ್ಡು ಕೊಡಬೇಕಲ್ಲ ಅಂತ ಎರಡು ತಿಂದೆ. ಪಥ್ಯ ಹೇಳುವವಳ ಪಾಡೇ ಹೀಗೆ.

ಇನ್ನು ಸೆಟ್ ದೋಸೆಯ ವಾದ. ನಮ್ಮದು ಅಕ್ಕಿ, ಉದ್ದು ರುಬ್ಬಿ ರಾತ್ರಿಯೆಲ್ಲ ಹುಳಿ ಬರಿಸಿದ ಹಿಟ್ಟು. ಅದು ಮೈದಾ, ಮಜ್ಜಿಗೆ, ಸಕ್ಕರೆ, ಬೇಕಿಂಗ್ ಪೌಡರ್. ಸಕ್ಕರೆ ಕಾಯಿಲೆಯವರ ಮಟ್ಟಿಗೆ ದೋಸೆಯೂ ಅಂಥ ಸಾಧುವೇನಲ್ಲ, ಆದರೆ ಅದರ ಮೇಲೆ ನಾವು ಪಾಕ ಸುರಿಯುವುದಿಲ್ಲ. (ಮಲೆನಾಡಿನವರು ಜೋನಿ ಬೆಲ್ಲ ಸುರಿಯುತ್ತಾರೆ, ಅವರ ಜೊತೆ ನಾನು ಜಗಳಕ್ಕಿಳಿಯುವುದಿಲ್ಲ.) ಒಂದು ದೊಡ್ಡ ಚಮಚ ಸಿರಪ್ಪಿನಲ್ಲಿ ಸುಮಾರು 50 ಕ್ಯಾಲೊರಿ, ಅಂದರೆ ಮೂರು ಟೀ ಚಮಚ ಸಕ್ಕರೆಯಷ್ಟು. ಮುಂದಿನ ಶನಿವಾರ ಯಜಮಾನರು ಜಗ್ ಎತ್ತಿದಾಗ ಸುಮ್ಮನೆ ಒಂದು ಚಮಚ ಅಡ್ಡ ಹಿಡಿದು ಎಣಿಸಿ. ನೀವು ಬಾಯಿ ಬಿಡಬೇಕಾಗಿಯೇ ಇಲ್ಲ.

ಮೆನುವಿನಲ್ಲಿ ಪ್ರತಿ ತಿಂಡಿಯ ಪಕ್ಕ ಕ್ಯಾಲೊರಿ ಇರುತ್ತದೆ, ಗಮನಿಸಿದ್ದೀರಾ? 20ಕ್ಕಿಂತ ಕಡಿಮೆಯಿಲ್ಲದಷ್ಟು ಶಾಖೆಗಳಿರುವ ಹೋಟೆಲುಗಳು ಅದನ್ನು ಹಾಕಲೇಬೇಕೆಂಬ ನಿಯಮ ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ನಿಮಗೆ ಬೇಕಾದ ಸಕ್ಕರೆ, ಕಾರ್ಬೊಹೈಡ್ರೇಟ್, ಉಪ್ಪಿನ ಲೆಕ್ಕ ಮೆನುವಿನ ಮೇಲಿರುವುದಿಲ್ಲ, ಆದರೆ ಕೇಳಿದರೆ ಲಿಖಿತವಾಗಿ ತೋರಿಸಬೇಕು. ಸಂಕೋಚ ಪಡಬೇಡಿ, ಮಗನ ಕೈಲಿ ಕೇಳಿಸಿ.

ಹಲವು ತಿಂಡಿ ಸೇರಿಸಿ ಕೊಡುವ ಜೋಡಿ ತಟ್ಟೆಗಳನ್ನು (ಕಾಂಬೊ) ಬಿಟ್ಟು ಬಿಡಿಬಿಡಿಯಾಗಿ ತರಿಸಿ. ಡೆನ್ನೀಸ್, ಐಹಾಪ್, ವಾಫಲ್ ಹೌಸ್ ಅಲ್ಲಿನ ಹಲವು ಶಾಖೆಗಳ ತಿಂಡಿ ಹೋಟೆಲುಗಳು. ಡೆನ್ನೀಸ್‌ನ ‘ಗ್ರ್ಯಾಂಡ್ ಸ್ಲ್ಯಾಮ್’ ಅನ್ನುವ ಜೋಡಿ ತಿಂಡಿ 1977ರಿಂದ ಇರುವ ಭಾರೀ ತಟ್ಟೆ. ಆದರೆ ಅದರಲ್ಲೇ ನಾಲ್ಕು ಪದಾರ್ಥ ನಾವೇ ಆರಿಸಿಕೊಳ್ಳುವ ಬಗೆಯೂ ಉಂಟು. ಮೊಟ್ಟೆ, ಹಣ್ಣು, ಒಂದು ಗೋಧಿ ಟೋಸ್ಟ್ ಸಾಕು. ‘ಫಿಟ್’ ಅಂತ ಹೆಸರಿಟ್ಟ ತಿಂಡಿ ಕಂಡು ಮೋಸ ಹೋಗಬೇಡಿ, ಟರ್ಕಿ ಕೋಳಿಯ ಬೇಕನ್ ಜೊತೆಗಿರಬಹುದು, ಅದೂ ಮಾಂಸವೇ. ಐಹಾಪ್‌ನ ಆಮ್ಲೆಟ್ ಹತ್ತಿಯ ಹಾಗೆ ಉಬ್ಬುವುದು ಮೊಟ್ಟೆಗೆ ಒಂದಿಷ್ಟು ಪ್ಯಾನ್‌ಕೇಕ್ ಹಿಟ್ಟು ಸೇರಿಸುವುದರಿಂದ. ಅವರೇ ಮೆನುವಿನಲ್ಲಿ ಹೇಳಿಕೊಳ್ಳುತ್ತಾರೆ. ಹಿಟ್ಟು ಬೇಡ ಅಂತ ಹೇಳಿಸಿ. ಬೇಕನ್ (ಹಂದಿಮಾಂಸದ ಪಟ್ಟಿ) ಹುರಿದ ಕಾವಲಿಯ ಮೇಲೇ ಮೊಟ್ಟೆ ಹಾಕುವುದು ನಿಮಗೆ ಒಗ್ಗದಿದ್ದರೆ ನೀರಲ್ಲಿ ಬೇಯಿಸಿದ ‘ಪೋಚ್ಡ್’ ಮೊಟ್ಟೆ ಕೇಳಿ.

ಬಿಳಿ ಭಾಗ ಮಾತ್ರ ತಿನ್ನಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಇಡೀ ಮೊಟ್ಟೆಯಲ್ಲಿ 6 ಗ್ರಾಂ ಪ್ರೊಟೀನ್, ಬಿಳಿಯಲ್ಲಿ ಮೂರೂವರೆ. ಕೊಲೆಸ್ಟ್ರಾಲ್‌ಗೆಂದು ಡಾಕ್ಟರು ಬೇಡ ಅಂದಿದ್ದರೆ ಮಾತ್ರ ಹಳದಿ ಬಿಡಿ. ವಾಫಲ್ ಹೌಸ್‌ಗೆ ಹೋದರೆ ಆಲೂಗಡ್ಡೆ ತುರಿದು ಹುರಿದ ಹ್ಯಾಶ್ ಬ್ರೌನ್ ಬದಲು ಟೊಮೆಟೊ ಹೋಳು ಕೊಡುತ್ತಾರೆ. ಅಲ್ಲಿನ ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ನುಚ್ಚಿನ ಗಂಜಿ. ಬಟ್ಟಲು ಮುಂದಿಟ್ಟಾಗ ಉತ್ತರ ಕರ್ನಾಟಕದ ನಮ್ಮತ್ತೆ ಮಾಡುತ್ತಿದ್ದ ಜೋಳದ ನುಚ್ಚೇ ಕಣ್ಣಮುಂದೆ ಬಂತು. ಮಜ್ಜಿಗೆ ಸಿಗಲಿಲ್ಲ, ಬೆಣ್ಣೆ ತೇಲುತ್ತಿತ್ತು. ಅದೂ ಪಿಷ್ಟವೇ, ಅರ್ಧ ಬಟ್ಟಲಿಗೆ ನಿಲ್ಲಿಸಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಶನಿವಾರದ ತಿಂಡಿ ಅಂದರೆ ಆ ಮನೆಗಳಲ್ಲಿ ಹನ್ನೊಂದು ಗಂಟೆ. ಯಜಮಾನರು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಥರದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂಟಕ್ಕೇ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಹೊರಟರೆ ಹೋಟೆಲಿನ ಸರದಿಯಲ್ಲೇ ಸಕ್ಕರೆ ಇಳಿದು ಬೆವರು, ಕೈನಡುಕ ಬರಬಹುದು. ತಡವಾದ ದಿನ ಔಷಧ ಯಾವಾಗ ಅಂತ ನಿಮ್ಮ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ಟೋಸ್ಟ್ ಬೇಡವೆಂದು ಬರೀ ಮೊಟ್ಟೆ ತಿನ್ನಿಸುವುದಕ್ಕೂ ಅವರನ್ನು ಕೇಳದೆ ಹೋಗಬೇಡಿ.

ಪ್ಯಾನ್‌ಕೇಕ್ ಪೂರ್ತಿ ಬಿಡಿಸಿದರೆ ಕದ್ದು ತಿನ್ನುತ್ತಾರೆ. ಮಗನ ತಟ್ಟೆಯಿಂದ ಒಂದು, ಸಿರಪ್ ಇಲ್ಲದೆ, ಮೊಟ್ಟೆ ತಿಂದಾದ ಮೇಲೆ.

ಪ್ರಶ್ನೆ: ಹೋಟೆಲ್ ಮೆನುವಿನಲ್ಲಿ ಕ್ಯಾಲೊರಿ ಹಾಕುವ ನಿಯಮ ನಮ್ಮಲ್ಲಿಲ್ಲವೇ?
– ಬೆಂಗಳೂರಿನ ಓದುಗರು

ಉತ್ತರ: ಇದೆ. ಕೇಂದ್ರದ ಪರವಾನಗಿ ಪಡೆದ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಯಿರುವ ಹೋಟೆಲುಗಳಿಗೆ 2022ರಿಂದ ಕಡ್ಡಾಯ. ಒಂದೇ ಅಂಗಡಿಯ ಸಣ್ಣ ದರ್ಶಿನಿಗೆ ಇದು ಅನ್ವಯಿಸುವುದಿಲ್ಲ. ನಮ್ಮ ಬೀದಿಯದರ ಬೋರ್ಡಿನಲ್ಲಿ ಖಾಲಿ ದೋಸೆಯ ಎದುರು ಇರುವ ಅಂಕಿ ಬೆಲೆಯದು.