ಒಣದ್ರಾಕ್ಷಿ ತಿಂದ ನಾಯಿ, ಎಲುಬು ಕಾಣುವ ಮುಧೋಳ ಮರಿ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು, ಮನೆಯವರು ಪ್ರೀತಿಯಿಂದಲೋ ಕಾಳಜಿಯಿಂದಲೋ ಕೊಟ್ಟದ್ದು ಪ್ರಾಣಿಗೆ ಒಗ್ಗುತ್ತದೆಯೇ ಎಂಬ ಕುರಿತಾಗಿವೆ. ತುರ್ತಿನ ಪತ್ರವನ್ನು ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾವು ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು. ಮಣೂಕದ (ಒಣದ್ರಾಕ್ಷಿಯ) ಶೆಡ್ಡು ಕಾಯಲು ಎರಡು ವರ್ಷದ ನಾಯಿಯನ್ನು ಸಾಕಿದ್ದೇವೆ. ನಿನ್ನೆ ನೆಲಕ್ಕೆ ಉದುರಿದ್ದ ಮಣೂಕವನ್ನು ಒಂದು ಹಿಡಿಯಷ್ಟು ತಿಂದು ಎರಡು ಸಲ ವಾಂತಿ ಮಾಡಿಕೊಂಡಿತು. ಈಗ ಆರಾಮಾಗಿ ಓಡಾಡುತ್ತಿದೆ. ಹಿಂದೆಯೂ ಇದು ದ್ರಾಕ್ಷಿ ತಿಂದದ್ದುಂಟು, ಏನೂ ಆಗಿರಲಿಲ್ಲ. ದ್ರಾಕ್ಷಿ ನಾಯಿಗೆ ವಿಷ ಎಂದು ಊರಿನವರೊಬ್ಬರು ಹೇಳಿದರು. ಇದನ್ನು ನಂಬಬೇಕೇ?

ಉತ್ತರ: ನಂಬಲೇಬೇಕು. ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ, ನಾಯಿಯನ್ನು ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಲು ನಿಮಗೆ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು, ಇಂತಹುದೇ ಶೆಡ್ಡು, ಇಂತಹುದೇ ನಾಯಿ ಇರುವ ಉಳಿದವರಿಗಾಗಿ.

ದ್ರಾಕ್ಷಿ, ಹಸಿಯಾಗಿರಲಿ ಒಣಗಿದ್ದಾಗಿರಲಿ, ಕೆಲವು ನಾಯಿಗಳಲ್ಲಿ ಮೂತ್ರಪಿಂಡಗಳನ್ನು ಒಂದೆರಡು ದಿನಗಳಲ್ಲಿ ಕೆಡಿಸಿಬಿಡುತ್ತದೆ. ಇದಕ್ಕೆ ಕಾರಣವೇನೆಂಬುದು ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಸೂಚಿಸಿದ ಮೇಲೆ ಹಲವು ಸಂಗತಿಗಳು ಹೊಂದಿಕೊಂಡವು. ಈ ಆಮ್ಲದ ಪ್ರಮಾಣ ದ್ರಾಕ್ಷಿಯ ತಳಿ, ಮಾಗಿದ ಹಂತ ಮತ್ತು ಬೆಳೆದ ನೆಲಕ್ಕೆ ತಕ್ಕಂತೆ ಬದಲಾಗುವುದರಿಂದ, ಕಳೆದ ವರ್ಷ ಒಂದು ಗೊಂಚಲು ತಿಂದು ಅರಗಿಸಿಕೊಂಡ ನಾಯಿಯೇ ಈ ವರ್ಷ ಬೊಗಸೆಯಷ್ಟು ತಿಂದು ಸಾವಿನ ಅಂಚಿಗೆ ಬರಬಹುದು. ಒಣಗಿಸಿದಾಗ ನೀರು ಹೋಗಿ ಉಳಿದದ್ದೆಲ್ಲ ಗಟ್ಟಿಯಾಗುವ ಕಾರಣ, ತೂಕಕ್ಕೆ ತೂಕ ನೋಡಿದರೆ ಮಣೂಕವೇ ಹೆಚ್ಚು ಅಪಾಯಕಾರಿ. ಇಷ್ಟರೊಳಗೆ ತಿಂದರೆ ತೊಂದರೆಯಿಲ್ಲ ಎಂದು ಯಾವ ವೈದ್ಯರೂ ನಿಮಗೆ ಮಿತಿ ಹಾಕಿಕೊಡಲಾರರು. ಹುಣಸೆಹಣ್ಣಿನಲ್ಲಿಯೂ ಇದೇ ಆಮ್ಲ ಹೇರಳವಾಗಿದೆ. ಹುಳಿ ಹಿಂಡಿ ಬಿಸಾಡಿದ ಹಿಪ್ಪೆಯನ್ನೂ ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಕಳವಳಕ್ಕೆ ಈಡುಮಾಡಿದ ಮಾತು 'ಈಗ ಆರಾಮಾಗಿದೆ' ಎಂಬುದು. ತಿಂದ ಕೆಲವು ಗಂಟೆಗಳಲ್ಲಿ ವಾಂತಿಯಾಗುತ್ತದೆ, ಆಮೇಲೆ ನಾಯಿ ಚೇತರಿಸಿಕೊಂಡಂತೆ ಕಾಣುತ್ತದೆ, ಆದರೆ ಒಳಗೆ ಮೂತ್ರಪಿಂಡಗಳು ಸೋಲುತ್ತಿರುತ್ತವೆ. ಹಿಂದಿನ ಬೇಸಿಗೆಯಲ್ಲಿ ಒಬ್ಬ ರೈತರು ತಮ್ಮ ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಮೇಲೆ ತಮಗೂ ಮಗನಿಗೂ ನಡುವೆ ಕೂರಿಸಿಕೊಂಡು ತಂದಿದ್ದರು. ಮಣೂಕ ತಿಂದು ಆಗಲೇ ಮೂರನೆಯ ದಿನ. ನಾಯಿಯ ಬಾಯಿಯಿಂದ ಮೂತ್ರದ ವಾಸನೆ ಬರುತ್ತಿತ್ತು. ಹಿಂದಿನ ರಾತ್ರಿಯಿಂದ ಒಂದು ಹನಿ ಮೂತ್ರವನ್ನೂ ಮಾಡಿರಲಿಲ್ಲ. ಹೆಸರು ಹಿಡಿದು ಕರೆದಾಗ ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿತು. ಆ ನಾಯಿಯನ್ನು ನಮ್ಮಿಂದ ಉಳಿಸಲಾಗಲಿಲ್ಲ. ಮೊದಲ ದಿನವೇ ಬಂದಿದ್ದರೆ ಉಳಿಯುವ ಸಾಧ್ಯತೆ ಬಹಳವಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ನಾಯಿ ದ್ರಾಕ್ಷಿ ತಿಂದದ್ದು ಕಣ್ಣಿಗೆ ಬಿದ್ದ ಕ್ಷಣವೇ, ವಾಂತಿಯಾಗಲಿ ಎಂದು ಕಾಯದೆ, ಆಸ್ಪತ್ರೆಗೆ ಹೊರಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ಬಂದರೆ ವೈದ್ಯರು ಚುಚ್ಚುಮದ್ದಿನಿಂದ ವಾಂತಿ ಮಾಡಿಸಿ ಹೊಟ್ಟೆಯನ್ನು ಖಾಲಿ ಮಾಡುತ್ತಾರೆ. ಅನಂತರ ಎರಡು ಮೂರು ದಿನ ಸಲೈನ್ ಏರಿಸುತ್ತ, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಯೂರಿಯಾ ಎಂಬ ಕಲ್ಮಶಗಳು ಏರುತ್ತಿವೆಯೇ ಎಂದು ಪರೀಕ್ಷಿಸುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯನ್ನು ದಯವಿಟ್ಟು ಕೈಬಿಡಿ. ಉಪ್ಪು ಹೆಚ್ಚಾಗಿಯೇ ಸತ್ತ ನಾಯಿಗಳುಂಟು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಹಣ್ಣು ಒಣಗುವ ದಿನಗಳಲ್ಲಿ, ನಾಯಿಯನ್ನು ಶೆಡ್ಡಿನ ಒಳಗೆ ಬಿಡದೆ ಹೊರಗೆ ಗಿಡದ ನೆರಳಲ್ಲಿ ಉದ್ದ ಹಗ್ಗದಿಂದ ಕಟ್ಟಿ, ಹಣ್ಣು ಒಣಹಾಕಿದ ಬಲೆಯಿಂದ ಉದುರಿದ್ದನ್ನು ದಿನಕ್ಕೆರಡು ಬಾರಿ ಗುಡಿಸಿ ತೆಗೆಸಿ. ಹೊರಗೆ ಕಟ್ಟಿದ ನಾಯಿಯೂ ಕಳ್ಳರನ್ನು ಕಂಡು ಬೊಗಳುತ್ತದೆ.

ಪ್ರಶ್ನೆ: ಮುಧೋಳ ತಳಿಯ ಮೂರು ತಿಂಗಳ ಗಂಡು ಮರಿಯನ್ನು ತಂದು ಜಮಖಂಡಿಯ ನಮ್ಮ ತೋಟದ ಮನೆಯಲ್ಲಿ ಸಾಕುತ್ತಿದ್ದೇವೆ. ದಿನಕ್ಕೆರಡು ಹೊತ್ತು ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ಹಾಕುತ್ತೇವೆ. ಆದರೂ ಮೈ ತುಂಬುತ್ತಿಲ್ಲ, ಪಕ್ಕೆಲುಬು ಕಾಣುತ್ತಿವೆ. ಕ್ಯಾಲ್ಸಿಯಂ ಟಾನಿಕ್ ಕೊಡಬೇಕೇ?

ಉತ್ತರ: ಮೊದಲು ತಳಿಯ ಮೈಕಟ್ಟನ್ನು ಗಮನಿಸಿ. ಬಯಲಿನಲ್ಲಿ ಮೊಲದ ಬೆನ್ನಟ್ಟುವುದಕ್ಕೆಂದೇ ತಲೆಮಾರುಗಳಿಂದ ಬೆಳೆದುಬಂದ ಈ ನಾಯಿಯ ಎದೆ ಆಳವಾಗಿಯೂ ಹೊಟ್ಟೆ ಬೆನ್ನಿನ ಕಡೆಗೆ ಎಳೆದುಕೊಂಡಂತೆಯೂ ಇರುತ್ತದೆ. ಬೆಳೆದ ಮುಧೋಳ ನಾಯಿಯಲ್ಲಿ ಕೊನೆಯ ಕೆಲವು ಪಕ್ಕೆಲುಬುಗಳು ತುಸು ಎದ್ದು ಕಾಣುವುದು ರೋಗವಲ್ಲ, ಅದರ ಲಕ್ಷಣ. ಅದನ್ನು ಲ್ಯಾಬ್ರಡಾರ್‌ನಂತೆ ದುಂಡಗೆ ಮಾಡಲು ಹೊರಟರೆ ಕೀಲುಗಳಿಗೆ ಅನ್ಯಾಯ ಮಾಡಿದಂತೆ. ಆದರೆ ಮೂರು ತಿಂಗಳ ಮರಿಯ ಬೆನ್ನೆಲುಬಿನ ಗಂಟುಗಳೂ ಸೊಂಟದ ಎಲುಬೂ ಮೊನಚಾಗಿ ಕಾಣುತ್ತಿದ್ದು, ಹೊಟ್ಟೆ ಮಾತ್ರ ಉಬ್ಬಿಕೊಂಡಿದ್ದರೆ, ಅದು ಜಂತುಹುಳುವಿನ ಅಥವಾ ಅರೆಹೊಟ್ಟೆಯ ಗುರುತು.

ನೀವು ಬರೆದಿರುವ ಆಹಾರದಲ್ಲಿ ಕೊರತೆಯಿರುವುದು ಸಸಾರಜನಕದ್ದು, ಅಂದರೆ ಪ್ರೋಟೀನಿನದು. ಜೋಳದ ರೊಟ್ಟಿಯನ್ನು ನಾನು ಕೆಟ್ಟದ್ದೆನ್ನುವುದಿಲ್ಲ. ಮುಧೋಳ ಸೀಮೆಯ ನಾಯಿಗಳು ಅದನ್ನೇ ತಿಂದು ಓಡಿವೆ, ಅದು ಒಳ್ಳೆಯ ಶಕ್ತಿಯ ಮೂಲ. ಆದರೆ ಹಿಂದಿನವರ ನಾಯಿಗೆ ರೊಟ್ಟಿಯ ಜೊತೆ ಬೇಟೆಯ ಪಾಲೂ ಸಿಗುತ್ತಿತ್ತೆಂಬುದನ್ನು ನಾವು ಮರೆಯುತ್ತೇವೆ. ಬೆಳೆಯುವ ಮರಿಗೆ ರೊಟ್ಟಿ ಬದಿಯಲ್ಲಿರಬೇಕು. ನಡುವೆ ಬೇಯಿಸಿದ ಮೊಟ್ಟೆ, ಎಲುಬು ತೆಗೆದ ಕೋಳಿ ಅಥವಾ ಮೀನು ಇರಬೇಕು. ಮಾಂಸ ತರದ ಮನೆಯವರು ಮೊಟ್ಟೆ, ಮೊಸರು ಮತ್ತು ಮರಿಗಳಿಗೆಂದೇ ತಯಾರಿಸಿದ ಸಿದ್ಧ ಆಹಾರವನ್ನು ರೊಟ್ಟಿಯೊಡನೆ ಬೆರೆಸಬಹುದು. ಈ ವಯಸ್ಸಿನಲ್ಲಿ ಎರಡು ಹೊತ್ತು ಸಾಲದು. ನಾಲ್ಕು ತಿಂಗಳವರೆಗೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಅಲ್ಲಿಂದ ಮುಂದೆ ಎರಡು ಹೊತ್ತು ಹಾಕಿ. ಹಾಲು ಕುಡಿದರೆ ಭೇದಿಯಾಗುವ ಮರಿಗಳು ಬಹಳ. ಅಂಥವಕ್ಕೆ ಮೊಸರು ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುವುದರಿಂದ, ರೊಟ್ಟಿಯ ಜೊತೆ ಮಿಕ್ಕ ಝುಣಕವನ್ನೋ ಪಲ್ಯವನ್ನೋ ಸೇರಿಸಬೇಡಿ. ಬೇಯಿಸಿದ ಕೋಳಿಯ ಎಲುಬು ಸಿಗುರಿನಂತೆ ಒಡೆದು ಕರುಳಿಗೆ ಚುಚ್ಚುತ್ತದೆ.

ಕ್ಯಾಲ್ಸಿಯಂ ಟಾನಿಕ್ಕನ್ನು ವೈದ್ಯರು ಪರೀಕ್ಷಿಸದೆ ಕೊಡಬೇಡಿ. ಬರೀ ರೊಟ್ಟಿ, ಬರೀ ಮಾಂಸದ ಮೇಲೆ ಬೆಳೆದ ಮರಿಗೆ ಕ್ಯಾಲ್ಸಿಯಂ ಕಡಿಮೆಯಾಗಿ ಕಾಲು ಬಾಗುವುದು ನಿಜ. ಆದರೆ ಸಿದ್ಧ ಆಹಾರ ತಿನ್ನುವ ಮರಿಗೆ ಮೇಲಿಂದ ಮೇಲೆ ಟಾನಿಕ್ ಸುರಿದರೂ ಎಲುಬಿನ ಬೆಳವಣಿಗೆ ತಪ್ಪುತ್ತದೆ. ಜಂತುಹುಳುವಿನ ಔಷಧವನ್ನು ಮರಿಯ ತೂಕ ನೋಡಿ ಆರು ತಿಂಗಳವರೆಗೆ ಪ್ರತಿ ತಿಂಗಳು, ಅನಂತರ ಮೂರು ತಿಂಗಳಿಗೊಮ್ಮೆ ಕೊಡಿಸಿ. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಮಾರಕ ರೋಗಗಳ ಲಸಿಕೆಗಳು ಆರರಿಂದ ಎಂಟು ವಾರಕ್ಕೆ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಆಗಬೇಕು; ರೇಬೀಸ್ ಲಸಿಕೆಗೆ ನಿಮ್ಮ ಮರಿಯ ವಯಸ್ಸು ಈಗ ಸರಿಯಾಗಿದೆ. ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ: ವರ್ಷ ತುಂಬುವ ಮೊದಲು ಅದನ್ನು ಬೈಕಿನ ಹಿಂದೆ ಓಡಿಸಬೇಡಿ. ಎಲುಬಿನ ತುದಿಗಳು ಇನ್ನೂ ಮೆದುವಾಗಿರುವಾಗ ಡಾಂಬರು ರಸ್ತೆಯ ಮೇಲೆ ಓಡಿಸಿ ಕುಂಟಾದ ಮರಿಗಳನ್ನು ಕಂಡಿದ್ದೇನೆ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ನಿಮಗೆ ದೂರವೇನಲ್ಲ. ಮರಿಯನ್ನು ಒಮ್ಮೆ ಅಲ್ಲಿ ತೋರಿಸಿ.

ಪ್ರಶ್ನೆ: ಬೆಳಗಾವಿಯ ನಮ್ಮ ಮನೆಯ ಬೆಕ್ಕು ನಿನ್ನೆಯಿಂದ ಮೈ ಬಿಸಿಯಾಗಿ ಮಂಕಾಗಿ ಮಲಗಿದೆ, ಏನೂ ತಿನ್ನುತ್ತಿಲ್ಲ. ಮಕ್ಕಳಿಗೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ಪನ್ನು ಸ್ವಲ್ಪ ಕೊಡಬಹುದೇ?

ಉತ್ತರ: ಒಂದು ಹನಿಯನ್ನೂ ಕೊಡಬಾರದು. ಈ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆಂಬಷ್ಟು ಕಡಿಮೆ. ಕೊಟ್ಟ ಕೆಲವೇ ಗಂಟೆಗಳಲ್ಲಿ ರಕ್ತ ಪ್ರಾಣವಾಯುವನ್ನು ಒಯ್ಯಲಾರದೆ ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಂಜಗಳು ಊದುತ್ತವೆ, ಉಸಿರು ಕಟ್ಟುತ್ತದೆ. ಈಗಾಗಲೇ ಕೊಟ್ಟಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ. ಬೇಗ ತಿಳಿದರೆ ಪ್ರತಿಮದ್ದು ಇದೆ. ಎರಡು ದಿನ ಉಪವಾಸವಿದ್ದ ಬೆಕ್ಕಿನ, ಅದರಲ್ಲೂ ದಪ್ಪನೆಯ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳಲಾರಂಭಿಸುವುದರಿಂದ ನಾಳೆಗೆ ಮುಂದೂಡುವುದೂ ಸರಿಯಲ್ಲ. ನಿಮ್ಮದು ಗಂಡು ಬೆಕ್ಕಾಗಿದ್ದು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ತಿಣುಕುತ್ತಿದ್ದರೆ, ಇದೇ ರಾತ್ರಿ ವೈದ್ಯರನ್ನು ಹುಡುಕಿ.

ಪ್ರಶ್ನೆ: ನಮ್ಮದು ಇಳಕಲ್ ಹತ್ತಿರ ಕಲ್ಲಿನ ಹಳೆಯ ಮನೆ. ನಾಯಿಗೆ ಉಣ್ಣಿ ವಿಪರೀತ. ಎಮ್ಮೆಗೆ ಹಚ್ಚುವ ಔಷಧವನ್ನೇ ನೀರಿಗೆ ಬೆರೆಸಿ ಸ್ನಾನ ಮಾಡಿಸಿದರೆ ನಾಲ್ಕು ದಿನ ಹೋಗಿ ಮತ್ತೆ ಬರುತ್ತವೆ.

ಉತ್ತರ: ಮತ್ತೆ ಬರುವುದು ನಾಯಿಯ ಮೈಯಿಂದಲ್ಲ, ನಿಮ್ಮ ಗೋಡೆಯಿಂದ. ರಕ್ತ ಕುಡಿದು ಅವರೆಕಾಳಿನಂತೆ ಉಬ್ಬಿದ ಹೆಣ್ಣು ಉಣ್ಣಿ ನಾಯಿಯನ್ನು ಬಿಟ್ಟು ಗೋಡೆ ಹತ್ತಿ, ಕಲ್ಲಿನ ಸಂದಿಯಲ್ಲಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ನಾಯಿ ಮಲಗುವ ಮೂಲೆಯ ಗೋಡೆಯನ್ನು ಸೊಂಟದೆತ್ತರದವರೆಗೆ ಟಾರ್ಚ್ ಹಿಡಿದು ನೋಡಿ, ಸಂದಿಗಳಿಗೆ ಸಿಮೆಂಟ್ ಅಥವಾ ಸುಣ್ಣದ ಗಾರೆ ತುಂಬಿ, ಹಾಸುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ. ಎಮ್ಮೆಯ ಔಷಧದ ಪ್ರಮಾಣ ನಾಯಿಯ ಮೈಗೆ ಲೆಕ್ಕ ಹಾಕಿದ್ದಲ್ಲ. ನಾಯಿ ಮೈ ನೆಕ್ಕಿಕೊಂಡಾಗ ಜೊಲ್ಲು ಸುರಿಸಿ ನಡುಗುತ್ತದೆ. ಮನೆಯಲ್ಲಿ ಬೆಕ್ಕೂ ಇದ್ದರೆ, ಪರ್ಮೆಥ್ರಿನ್, ಸೈಪರ್‌ಮೆಥ್ರಿನ್ ಬಗೆಯ ಔಷಧ ಹಚ್ಚಿದ ನಾಯಿಗೆ ಒರಗಿ ಮಲಗಿದರೂ ಸಾಕು, ಅದಕ್ಕೆ ಸೆಳೆತ ಬರುತ್ತದೆ. ಫಿನಾಯಿಲ್, ಸೀಮೆಎಣ್ಣೆ, ಸುಟ್ಟ ಆಯಿಲ್ ಇವೂ ಬೇಡ. ತೂಕಕ್ಕೆ ತಕ್ಕಂತೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಗುಳಿಗೆಗಳು ಈಗ ಸಿಗುತ್ತವೆ. ಬೆಲೆ ಹೆಚ್ಚೆನಿಸಿದರೂ, ಉಣ್ಣಿಯಿಂದ ಬರುವ ಜ್ವರದ ಚಿಕಿತ್ಸೆಗಿಂತ ಕಡಿಮೆ. ಜ್ವರ, ಬಿಳಿಚಿದ ವಸಡು, ಮೂಗಿನಿಂದ ರಕ್ತ, ಇವುಗಳಲ್ಲಿ ಯಾವುದು ಕಂಡರೂ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ವಿಜಯಪುರದ ನಮ್ಮ ಮನೆಯ ಐದು ತಿಂಗಳ ನಾಯಿಮರಿ ಸೀರೆಯ ಸೆರಗು ಹಿಡಿದು ಎಳೆಯುತ್ತದೆ, ಮಕ್ಕಳ ಕೈ ಕಚ್ಚುತ್ತದೆ. ಅತ್ತೆಯವರು ಪೇಪರ್ ಸುತ್ತಿ ಮೂತಿಗೆ ಹೊಡೆಯಬೇಕೆನ್ನುತ್ತಾರೆ.

ಉತ್ತರ: ಹೊಡೆಯಬೇಡಿ. ಹೊಡೆತ ತಿಂದ ಮರಿ ಕಚ್ಚುವುದನ್ನು ಬಿಡುವುದಿಲ್ಲ. ಎತ್ತಿದ ಕೈಗೆ ಹೆದರುವುದನ್ನು ಕಲಿಯುತ್ತದೆ, ಮತ್ತು ದೊಡ್ಡದಾದ ಮೇಲೆ ಆ ಹೆದರಿಕೆಯಿಂದಲೇ ಕಚ್ಚುತ್ತದೆ. ಇದನ್ನು ಅತ್ತೆಯವರಿಗೆ ನನ್ನ ಹೆಸರಿನಲ್ಲಿಯೇ ತಿಳಿಸಿ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದರಿಂದ ವಸಡು ಉರಿಯುತ್ತಿರುತ್ತದೆ. ಹಳೆಯ ಹತ್ತಿಯ ಬಟ್ಟೆಯನ್ನು ಒದ್ದೆ ಮಾಡಿ, ಗಂಟು ಕಟ್ಟಿ, ಫ್ರಿಜ್ಜಿನಲ್ಲಿ ತಣ್ಣಗಿಟ್ಟು ಕೊಡಿ. ಸೆರಗು ಹಿಡಿದಾಗ ಕಿತ್ತುಕೊಂಡರೆ ಅದಕ್ಕೆ ಆಟ; ಕಂಬದಂತೆ ನಿಂತುಬಿಡಿ, ಬಿಟ್ಟ ಕೂಡಲೇ ಹೊಗಳಿ ಆ ಬಟ್ಟೆಯನ್ನು ಮುಂದೆ ಹಿಡಿಯಿರಿ. ಮಕ್ಕಳು ಚೀರಿ ಓಡಿದಷ್ಟೂ ಅದು ಬೆನ್ನಟ್ಟುವುದರಿಂದ, ಕೈ ಕಟ್ಟಿ ನಿಲ್ಲಲು ಅವರಿಗೂ ಕಲಿಸಿ. ಮನೆಮಂದಿಯೆಲ್ಲ ಒಂದೇ ರೀತಿ ನಡೆದುಕೊಂಡರೆ ಕೆಲವು ವಾರಗಳಲ್ಲಿ ಫಲ ಕಾಣುತ್ತದೆ. ಸಂಜೆ ಹೊತ್ತು ಕಚ್ಚಾಟ ಹೆಚ್ಚಾದರೆ ಬಹುಮಟ್ಟಿಗೆ ನಿದ್ದೆ ಸಾಲದೆ ಆಗಿರುತ್ತದೆ. ಕತ್ತಲ ಮೂಲೆಯಲ್ಲಿ ಮಲಗಲು ಬಿಡಿ.

ಆದರೆ ಆಟದಲ್ಲಿಯೇ ಆಗಲಿ, ಮಗುವಿನ ಚರ್ಮ ಗೀರಿ ರಕ್ತ ಕಂಡರೆ, ಮರಿಗೆ ರೇಬೀಸ್ ಲಸಿಕೆ ಹಾಕಿಸಿದ್ದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಅರಿಸಿನ ಸುಣ್ಣ ಮೆತ್ತಬೇಡಿ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ತೋರಿಸಿ.