ದೇಶಗಳ ಸಂತೋಷದ ಬಗ್ಗೆ ಪಾಡ್‌ಕಾಸ್ಟ್ ಕೇಳುತ್ತಾ ಇಂಗ್ಲಿಷ್ ಕಿವಿಗೆ ಹತ್ತಿಸಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಬಿಕಾಂ ಮುಗಿದಿದೆ, ಇಂಗ್ಲಿಷ್ ಪೇಪರ್ ಓದಿದರೆ ತಿಳಿಯುತ್ತದೆ. ಆದರೆ ಯಾವ ದೇಶದ ಜನ ಹೆಚ್ಚು ಸಂತೋಷವಾಗಿದ್ದಾರೆ ಎಂಬ ಪುಟ್ಟ ಪಾಡ್‌ಕಾಸ್ಟ್ ಹಾಕಿಕೊಂಡರೆ ಅರ್ಧ ಮಾತು ಕೈಗೆ ಸಿಗುವುದಿಲ್ಲ. ಅದೇ ಮಾತನ್ನು ಬರಹದಲ್ಲಿ ನೋಡಿದರೆ ಗೊತ್ತಿಲ್ಲದ ಪದ ಒಂದೂ ಇರುವುದಿಲ್ಲ. ಹೀಗೇಕೆ, ಏನು ಅಭ್ಯಾಸ ಮಾಡಬೇಕು, ಇದೇ ವಿಷಯ ಹಿಡಿದು ಕೂರಬೇಕಾ ಅಥವಾ ದಿನಕ್ಕೊಂದು ವಿಷಯ ಕೇಳಬೇಕಾ, ಕೋರ್ಸ್ ಸೇರಬೇಕಾ ಎಂದು ಕೇಳಿದ್ದೀರಿ.

ಇದೇ ವಿಷಯ ಹಿಡಿದು ಕೂರಿ. ನನ್ನ ಉತ್ತರದ ತಿರುಳೇ ಇದು. ನಾನೂ ತೀರ್ಥಹಳ್ಳಿ ಕಡೆಯ ಕನ್ನಡ ಶಾಲೆಯಲ್ಲಿ ಓದಿದವಳು. ಈಗ ಬೆಂಗಳೂರಿನಲ್ಲಿ ಕಸ್ಟಮರ್ ಸಪೋರ್ಟ್ ಕೆಲಸ, ದಿನವಿಡೀ ಬ್ರಿಟನ್ ಗ್ರಾಹಕರ ಫೋನ್. ಇವತ್ತು ಚಂದ್ರಯಾನ, ನಾಳೆ ಅಡುಗೆ, ನಾಡಿದ್ದು ಕ್ರಿಪ್ಟೊ ಎಂದು ಕೇಳುತ್ತಾ ಹೋದರೆ ಪ್ರತಿ ಸಲವೂ ಹೊಸ ಪದಗಳು, ಹೊಸ ಹೆಸರುಗಳು ಬರುತ್ತವೆ. ಕಿವಿಗೆ ಪಳಗಲು ಸಮಯವೇ ಸಿಗುವುದಿಲ್ಲ. ಒಂದೇ ವಿಷಯದ ನಾಲ್ಕಾರು ಕಾರ್ಯಕ್ರಮ ಕೇಳಿದರೆ ಅವೇ ಪದಗಳು ಬೇರೆ ಬೇರೆ ಬಾಯಲ್ಲಿ ಮರಳಿ ಮರಳಿ ಬರುತ್ತವೆ. ಸಂತೋಷದ ವಿಷಯದಲ್ಲಿ ಇನ್ನೊಂದು ಲಾಭವಿದೆ. ಇದರ ಬಗ್ಗೆ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಹಾಗಾಗಿ ಕೇಳುವುದರ ಜೊತೆಗೆ ಎದುರುತ್ತರವನ್ನೂ ಕೊಡಬಹುದು.

ಪ್ಲೇ ಒತ್ತುವ ಮುಂಚೆ ವಿಷಯವನ್ನು ಕನ್ನಡದಲ್ಲೇ ತಿಳಿದುಕೊಂಡಿರಿ. ಇದು ಕಳ್ಳದಾರಿಯಲ್ಲ. ಗೊತ್ತಿರುವ ವಿಷಯವಾದರೆ ಮುಂದಿನ ಮಾತು ಏನಿರಬಹುದು ಎಂದು ಮನಸ್ಸು ಊಹಿಸುತ್ತಿರುತ್ತದೆ, ಕಿವಿಯ ಹೊರೆ ಅರ್ಧ ಇಳಿಯುತ್ತದೆ. ಈ ಬಗೆಯ ಹೆಚ್ಚಿನ ಕಾರ್ಯಕ್ರಮಗಳಿಗೆ ಬೇಕಾದಷ್ಟನ್ನು ಇಲ್ಲೇ ಹೇಳಿಬಿಡುತ್ತೇನೆ.

ಮಾತು ಬಹುತೇಕ ಭೂತಾನ್‌ನಿಂದ ಶುರುವಾಗುತ್ತದೆ. ದೇಶದ ಉತ್ಪನ್ನಕ್ಕಿಂತ ಜನರ ಸಂತೋಷ ಮುಖ್ಯ ಎಂಬ ಮಾತನ್ನು 1970ರ ದಶಕದಲ್ಲಿ ಆಡಿದವರು ಅಲ್ಲಿನ ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್. ಅದು 2008ರ ಅವರ ಸಂವಿಧಾನಕ್ಕೂ ಬಂತು. ಸಂತೋಷಕ್ಕೆ ಮಹತ್ವ ಕೊಡಬೇಕೆಂದು 2011ರಲ್ಲಿ ಭೂತಾನ್ ಮುಂದಿಟ್ಟ ನಿರ್ಣಯವನ್ನು ವಿಶ್ವಸಂಸ್ಥೆ ಒಪ್ಪಿತು. ದೇಶಗಳಿಗೆ ಸಂತೋಷದ ಲೆಕ್ಕದಲ್ಲಿ ಸ್ಥಾನ ಕೊಡುವ ವಿಶ್ವ ಸಂತೋಷ ವರದಿ 2012ರಲ್ಲಿ ಮೊದಲ ಸಲ ಬಂತು. ಅದೇ ವರ್ಷ ಮಾರ್ಚ್ 20 ಅಂತರರಾಷ್ಟ್ರೀಯ ಸಂತೋಷ ದಿನ ಎಂದು ಘೋಷಣೆಯಾಯಿತು. ಈಗ ಪ್ರತಿ ವರ್ಷ ಆ ದಿನದ ಆಸುಪಾಸಿನಲ್ಲೇ ವರದಿ ಹೊರಬೀಳುತ್ತದೆ, ನಮ್ಮ ಪೇಪರ್‌ಗಳಲ್ಲೂ ಸುದ್ದಿಯಾಗುತ್ತದೆ. 2018ರಿಂದ 2025ರವರೆಗೆ ಸತತ ಎಂಟು ವರ್ಷ ಫಿನ್ಲೆಂಡೇ ಮೊದಲು. ಭಾರತ 2024ರಲ್ಲಿ 143 ದೇಶಗಳ ಪೈಕಿ 126ನೇ ಸ್ಥಾನದಲ್ಲಿತ್ತು, 2025ರಲ್ಲಿ 147ರ ಪೈಕಿ 118. ಆ ವರ್ಷ ನೇಪಾಳ 92, ಪಾಕಿಸ್ತಾನ 109.

ಲೆಕ್ಕ ಹಾಕುವ ಬಗೆ ತಿಳಿದಿದ್ದರೆ ಕಾರ್ಯಕ್ರಮದ ಅರ್ಧ ವಾದ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಗ್ಯಾಲಪ್ ಸಮೀಕ್ಷೆಯವರು ಒಂದೊಂದು ದೇಶದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಸುಮಾರು 1000 ಜನರನ್ನು ಮಾತನಾಡಿಸುತ್ತಾರೆ. 'ನೀವು ಸಂತೋಷವಾಗಿದ್ದೀರಾ' ಎಂದು ಕೇಳಿ ಈ ಸ್ಥಾನ ಕೊಡುವುದಲ್ಲ. 0ಯಿಂದ 10ರವರೆಗೆ ಮೆಟ್ಟಿಲಿರುವ ಒಂದು ಏಣಿ ನೆನೆಸಿಕೊಳ್ಳಿ, ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡದಲ್ಲಿ ಅತಿ ಕೆಟ್ಟ ಬದುಕು, ಈಗ ನೀವು ಯಾವ ಮೆಟ್ಟಿಲಿನಲ್ಲಿದ್ದೀರಿ ಎಂದು ಕೇಳುತ್ತಾರೆ. ಮೂರು ವರ್ಷದ ಉತ್ತರಗಳ ಸರಾಸರಿಯೇ ದೇಶದ ಅಂಕ. 2025ರ ವರದಿಯಲ್ಲಿ ಫಿನ್ಲೆಂಡಿನದು 7.736. ತಲಾ ಆದಾಯ, ಕಷ್ಟಕ್ಕೆ ಆಗುವ ಜನ, ಆರೋಗ್ಯವಾಗಿ ಬದುಕುವ ವರ್ಷಗಳು, ಬದುಕಿನ ಆಯ್ಕೆಯ ಸ್ವಾತಂತ್ರ್ಯ, ಔದಾರ್ಯ, ಭ್ರಷ್ಟಾಚಾರ ಎಂಬ ಆರು ಅಂಶಗಳನ್ನು ಕೂಡಿಸಿ ಅಂಕ ಕೊಡುತ್ತಾರೆ ಎಂದು ಬಹಳ ಕಡೆ ಬರೆದಿರುತ್ತಾರೆ. ಹಾಗಲ್ಲ. ಅಂಕ ಏಣಿಯದು ಮಾತ್ರ. ದೇಶ ದೇಶಕ್ಕೆ ಏಕೆ ವ್ಯತ್ಯಾಸ ಎಂದು ವಿವರಿಸಲಿಕ್ಕೆ ಆ ಆರು ಅಂಶಗಳು.

ಇನ್ನು ಕಿವಿಯ ವಿಷಯ. ಓದಿದರೆ ತಿಳಿಯುವುದು ಕೇಳಿದರೆ ಏಕೆ ತಿಳಿಯುವುದಿಲ್ಲ? ಪದಗಳ ನಡುವೆ ಕಾಗದದ ಮೇಲೆ ಜಾಗ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ಇದು ನಮಗೆ ಹೊಸದೇನೂ ಅಲ್ಲ, ಪ್ರೌಢಶಾಲೆಯಲ್ಲಿ ಸಂಧಿ ಎಂದು ಉರು ಹೊಡೆದದ್ದು ಇದನ್ನೇ. ಮನೆ, ಅನ್ನು ಸೇರಿದರೆ ಮನೆಯನ್ನು. ಹಾಗೆಯೇ ಹ್ಯಾಪಿ, ಆರ್ ಸೇರಿದರೆ ಹ್ಯಾಪಿಯಾರ್, ವೇಗವಾಗಿ ಹೇಳಿದರೆ ಹ್ಯಾಪಿಯರ್. 'ಹೌ ಹ್ಯಾಪಿ ಆರ್ ವಿ' ಎಂದು ನಿರೂಪಕಿ ಕೇಳಿದಾಗ ಯಾರು ಯಾರಿಗಿಂತ ಹೆಚ್ಚು ಸಂತೋಷವಾಗಿದ್ದಾರೆ ಎಂದು ನೀವು ತಡಕಾಡುವುದು ಈ ಯಕಾರಾಗಮದಿಂದ. ಗೋ, ಅಪ್ ಸೇರಿದರೆ ಗೋವಪ್, ಅಲ್ಲಿ ವಕಾರಾಗಮ, ನಮ್ಮ ಗುರುವನ್ನು ಇದ್ದ ಹಾಗೆ. ಇನ್ ಭೂತಾನ್ ಎಂಬುದು ಅವರ ಬಾಯಲ್ಲಿ ಇಂಬುಟಾನ್. ಮೋಸ್ಟ್ ಪೀಪಲ್‌ನ ನಡುವಿನ ಟಕಾರ ಲೋಪವಾಗಿ ಮೋಸ್ಪೀಪಲ್ ಆಗುತ್ತದೆ. ನಿಯಮಗಳು ನಮ್ಮವೇ ಅಲ್ಲ, ನಮ್ಮಲ್ಲಿ ಲೋಪವಾಗುವುದು ಸ್ವರ, ಅವರಲ್ಲಿ ಹೆಚ್ಚಾಗಿ ವ್ಯಂಜನ. ಆದರೆ ಎರಡು ಪದ ಸೇರಿದಲ್ಲಿ ಏನೋ ಆಗುತ್ತದೆ ಎಂದು ಕಾದು ಕೇಳುವ ಅಭ್ಯಾಸ ಕನ್ನಡದವರಿಗೆ ಬೇಗ ಬರುತ್ತದೆ.

ಈ ವಿಷಯದಲ್ಲಿ ತಪ್ಪದೆ ಬರುವ ಒಂದು ಮಾತನ್ನು ಹತ್ತಿರದಿಂದ ನೋಡಿ. ದುಡ್ಡಿನಿಂದ ಸಂತೋಷ ಕೊಳ್ಳಬಹುದೇ, ಕೊಳ್ಳಲಾಗದೇ? ಬ್ರಿಟಿಷರ ಬಾಯಲ್ಲಿ ಮನಿ ಕ್ಯಾನ್ ಬೈ ಎಂಬುದರ ಕ್ಯಾನ್ ತೀರಾ ಮೊಟಕಾಗಿ ಕಂಬೈ ಎಂದು ಕೇಳಿಸುತ್ತದೆ. ಮನಿ ಕಾಂಟ್ ಬೈ ಎಂದಾಗ ಟಕಾರ ನುಂಗಿಹೋಗಿ ಕಾಂಬೈ. ಕಂಬೈ ಅಂದರೆ ಕೊಳ್ಳಬಹುದು, ಕಾಂಬೈ ಅಂದರೆ ಆಗದು. ಅರ್ಥ ತಿರುಗಿಬೀಳುತ್ತದೆ, ಉಳಿದ ಗುರುತು ಹ್ರಸ್ವ ದೀರ್ಘ ಮಾತ್ರ. ಬಲ ಮತ್ತು ಬಾಲ, ಕಡು ಮತ್ತು ಕಾಡು ಎಂದು ಬೇರೆ ಮಾಡಿ ಕೇಳುತ್ತಾ ಬೆಳೆದ ನಮಗೆ ಇದು ಕಷ್ಟವಲ್ಲ. ಟಕಾರಕ್ಕೆ ಕಾಯುವುದನ್ನು ಬಿಟ್ಟು ಸ್ವರದ ಉದ್ದ ಕೇಳಿಸಿಕೊಳ್ಳಬೇಕು, ಅಷ್ಟೇ. ಅಮೆರಿಕದವರು ಮಾತನಾಡುತ್ತಿದ್ದರೆ ಆ ಕಾಂಟ್ ಬೈ ಕ್ಯಾಂಬೈ ಎಂದು ಒತ್ತಿ ಬರುತ್ತದೆ.

ಒತ್ತಿನ ವಿಷಯ ಮಾತ್ರ ನಮಗೆ ನಿಜಕ್ಕೂ ಹೊಸದು. ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಮರ್ಯಾದೆ ಕೊಡುತ್ತೇವೆ. ಅವರು ಒಂದನ್ನು ಎತ್ತಿ ಉಳಿದವನ್ನು ಮುಚ್ಚಿಬಿಡುತ್ತಾರೆ. ಇಕಾನಮಿ ಎಂಬಲ್ಲಿ 'ಕಾ' ಮೇಲೆ ಒತ್ತು, ಇಕನಾಮಿಕ್ ಎಂದಾಗ 'ನಾ' ಮೇಲೆ. ಎರಡೂ ಒಂದೇ ಬೇರಿನ ಪದವಾದರೂ ಕಿವಿಗೆ ಬೇರೆ ಬೇರೆ ಪದಗಳ ಹಾಗೆ ಬೀಳುತ್ತವೆ. ಅಂಕಿಗಳಲ್ಲೂ ಇದೇ ತೊಡಕು: ಥರ್ಟೀನ್ ಎಂದು ಒಂಟಿಯಾಗಿ ಹೇಳಿದಾಗ ಒತ್ತು ಕೊನೆಯ 'ಟೀನ್' ಮೇಲೆ, ಥರ್ಟಿ ಎಂದಾಗ ಮೊದಲ 'ಥರ್' ಮೇಲೆ. ರ್‍ಯಾಂಕ್ ತುಂಬಿದ ಕಾರ್ಯಕ್ರಮದಲ್ಲಿ ಇದು ದೊಡ್ಡ ವ್ಯತ್ಯಾಸವನ್ನೇ ಮಾಡುತ್ತದೆ.

ಅಭ್ಯಾಸದ ಕ್ರಮ ಹೇಳುತ್ತೇನೆ. ನಿಮ್ಮಂಥವರಿಗೆ ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಒಳ್ಳೆಯ ಆರಂಭ. ಸುಮಾರು ಆರು ನಿಮಿಷ, ಇಬ್ಬರು ನಿರೂಪಕರು, ಶುರುವಿನಲ್ಲಿ ಮೂರು ಆಯ್ಕೆಯ ಒಂದು ಪ್ರಶ್ನೆ, ಕೊನೆಯ ಹೊತ್ತಿಗೆ ಅದರ ಉತ್ತರ, ಜೊತೆಗೆ ಬರಹರೂಪವೂ ಸಿಗುತ್ತದೆ. ಮೊದಲ ಸಲ ನಿಲ್ಲಿಸದೆ ಕೊನೆತನಕ ಕೇಳಿ, ಬರಹ ನೋಡಬೇಡಿ. ತಿಳಿಯದ್ದನ್ನು ಅಲ್ಲಲ್ಲೇ ಬಿಟ್ಟು ಮುಂದೆ ಹೋಗುವುದೂ ಕಲಿಯಬೇಕಾದ ವಿದ್ಯೆಯೇ. ಫೋನಿನಲ್ಲಿ ಗ್ರಾಹಕರ ಮಾತನ್ನು ಹಿಂದಕ್ಕೆ ಎಳೆದು ಕೇಳಲಾಗುವುದಿಲ್ಲ ಎಂಬುದು ನನ್ನ ಕೆಲಸ ಕಲಿಸಿದ ಪಾಠ. ಆ ಮೂರು ಆಯ್ಕೆಯ ಪ್ರಶ್ನೆ ಬಂದಾಗ ಮಾತ್ರ ನಿಲ್ಲಿಸಿ, ನಿಮ್ಮ ಉತ್ತರವನ್ನೂ ಅದಕ್ಕೊಂದು ಕಾರಣವನ್ನೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ. ಉತ್ತರ ಸರಿಯೋ ತಪ್ಪೋ ಎಂಬ ಕುತೂಹಲವೇ ನಿಮ್ಮನ್ನು ಕೊನೆಯವರೆಗೆ ಕಿವಿಗೊಟ್ಟು ಕೂರಿಸುತ್ತದೆ.

ಆಮೇಲೆ ಅದರಲ್ಲಿ ಅರ್ಧ ನಿಮಿಷದ ತುಂಡೊಂದನ್ನು ಆರಿಸಿಕೊಳ್ಳಿ, ಹೆಚ್ಚು ಬೇಡ. ಅದನ್ನು ಬೇಕಾದಷ್ಟು ಸಲ ಕೇಳಿ, ಕಿವಿಗೆ ಬಿದ್ದದ್ದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೋದರೆ ಕೈ ತನಗೆ ಗೊತ್ತಿರುವ ಸ್ಪೆಲಿಂಗ್ ಬರೆಯುತ್ತದೆ, ಕಿವಿ ಕೇಳಿದ್ದನ್ನಲ್ಲ. ಕನ್ನಡದಲ್ಲಿ ಬರೆದರೆ ಇಂಬುಟಾನ್ ಇಂಬುಟಾನ್ ಆಗಿಯೇ ಹಾಳೆಗೆ ಬರುತ್ತದೆ. ಅರ್ಥವಾಗದಿದ್ದರೂ ಸದ್ದನ್ನು ಬರೆಯಿರಿ. ಅದಾದ ಮೇಲೆ ಬರಹರೂಪ ತೆರೆದು ಪಕ್ಕದಲ್ಲಿಟ್ಟು ಹೋಲಿಸಿ: ಎಲ್ಲಿ ಪದ ಕೂಡಿಕೊಂಡಿತು, ಎಲ್ಲಿ ಅಕ್ಷರ ಬಿತ್ತು, ಎಲ್ಲಿ ಒತ್ತು ಇತ್ತು. ಒತ್ತಿದ್ದ ಅಕ್ಷರದ ಕೆಳಗೆ ಗೆರೆ ಎಳೆಯಿರಿ, ಏಕೆಂದರೆ ನಮ್ಮ ಲಿಪಿ ಅದನ್ನು ತೋರಿಸುವುದಿಲ್ಲ. ವೇಗ ತಗ್ಗಿಸಿ ಕೇಳುವುದಿದ್ದರೆ ಈ ತುಂಡಿಗೆ ಮಾತ್ರ ಸಾಕು. ಮುಗಿದ ಮೇಲೆ ಬರಹ ಮುಚ್ಚಿ ಇಡೀ ಕಾರ್ಯಕ್ರಮವನ್ನು ಇನ್ನೊಮ್ಮೆ ಕೇಳಿ. ಆ ಅರ್ಧ ನಿಮಿಷದಲ್ಲಿ ಹಿಡಿದ ಸಂಧಿಗಳು ಉಳಿದ ಕಡೆಯೂ ತಾವಾಗಿ ಕಿವಿಗೆ ಬೀಳಲು ಶುರುವಾಗುತ್ತವೆ.

ಬರೀ ಕೇಳುವುದಕ್ಕೆ ನಿಲ್ಲಬೇಡಿ, ವಾದ ಮಾಡಿ. ಏಣಿಯ ಪ್ರಶ್ನೆಗೆ ನಿಮ್ಮ ಉತ್ತರವನ್ನು ಒಂದು ನಿಮಿಷ ಮಾತನಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ನಾನು ಈ ಪ್ರಶ್ನೆಯನ್ನು ಅಮ್ಮನಿಗೆ ಫೋನಿನಲ್ಲಿ ಕೇಳಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾರ ಏಣಿ? ನಂದೊಬ್ಬಳದಾ, ಮನೆಯವರೆಲ್ಲರದಾ?' ಎಂದು ಕೇಳಿದರು. ನನ್ನ ತಮ್ಮನಿಗೆ ಕೆಲಸ ಸಿಗುವವರೆಗೆ ತಾನು ನಾಲ್ಕನೇ ಮೆಟ್ಟಿಲು, ಸಿಕ್ಕಿದರೆ ಎಂಟು ಎಂದರು. ಪ್ರಶ್ನೆ ಕೇಳುವುದು ಒಬ್ಬೊಬ್ಬರದೇ ಬದುಕಿನ ಬಗ್ಗೆ, ಉತ್ತರ ಬಂದದ್ದು ಮನೆಯ ಲೆಕ್ಕದಲ್ಲಿ. ಭಾರತದ ಸ್ಥಾನ ಇಷ್ಟು ಕೆಳಗಿರುವುದಕ್ಕೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಅಮ್ಮನ ಮಾತನ್ನು ನನ್ನ ಬ್ರಿಟಿಷ್ ಸಹೋದ್ಯೋಗಿಗೆ ವಿವರಿಸಲೇಬೇಕು ಎನ್ನಿಸಿತು. ಹೇಳಲೇಬೇಕಾದ ಮಾತು ಇದ್ದಾಗ ವ್ಯಾಕರಣದ ಹೆದರಿಕೆ ಹಿಂದೆ ಸರಿಯುತ್ತದೆ. ಯಾರೋ ಕೊಟ್ಟ 'ನನ್ನ ಹವ್ಯಾಸಗಳು' ಎಂಬ ವಿಷಯದ ಮೇಲೆ ಮಾತನಾಡುವಾಗ ಆ ಒತ್ತಾಸೆ ಎಲ್ಲಿಂದ ಬರಬೇಕು?

ವಾದಕ್ಕೆ ಸರಕು ಬೇಕಾದರೆ 2025ರ ವರದಿಯಲ್ಲಿ ಬೇಕಾದಷ್ಟಿದೆ. ಕಳೆದುಹೋದ ಪರ್ಸ್ ವಾಪಸ್ ಸಿಗುತ್ತದೆ ಎಂದು ಜನ ಎಷ್ಟು ನಂಬುತ್ತಾರೋ ಅದಕ್ಕಿಂತ ಬಹಳ ಹೆಚ್ಚು ಸಲ ಅದು ನಿಜವಾಗಿಯೂ ವಾಪಸ್ ಬರುತ್ತದೆ ಎನ್ನುತ್ತದೆ ಅದು. ಇನ್ನೊಬ್ಬರ ಜೊತೆ ಕೂತು ಉಣ್ಣುವವರು ಬದುಕಿಗೆ ಹೆಚ್ಚಿನ ಮೆಟ್ಟಿಲು ಕೊಡುತ್ತಾರೆ ಎಂದೂ ಹೇಳುತ್ತದೆ. ಅಮೆರಿಕದಲ್ಲಿ 2023ರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದರಂತೆ. ಪಿಜಿಯಲ್ಲಿ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು ಉಣ್ಣುವ ನಮ್ಮಂಥವರಿಗೆ ಈ ಬಗ್ಗೆ ಹೇಳಲು ಏನಾದರೂ ಇದ್ದೇ ಇರುತ್ತದೆ. ಹೇಳಿ, ಇಂಗ್ಲಿಷಿನಲ್ಲೇ ಹೇಳಿ.

ಆರು ನಿಮಿಷದ ಕಾರ್ಯಕ್ರಮ ಸಲೀಸಾದ ಮೇಲೆ ವರದಿಯ ಸಂಪಾದಕರ ಸಂದರ್ಶನಗಳನ್ನು ಹುಡುಕಿ ಕೇಳಿ. ಜಾನ್ ಹೆಲಿವೆಲ್ ಕೆನಡಾದವರು, ರಿಚರ್ಡ್ ಲೇಯಾರ್ಡ್ ಬ್ರಿಟನ್, ಜೆಫ್ರಿ ಸ್ಯಾಕ್ಸ್ ಅಮೆರಿಕ, ಯಾನ್ ಇಮ್ಯಾನುಯೆಲ್ ಡಿ ನೀವ್ ಬೆಲ್ಜಿಯಂ. ವಿಷಯ ಒಂದೇ, ಪದಗಳೂ ಬಹುಪಾಲು ಅವೇ, ಉಚ್ಚಾರಣೆ ಮಾತ್ರ ನಾಲ್ಕು ಬಗೆ. ನಾಳೆ ಕೆಲಸದಲ್ಲಿ ನಿಮಗೆ ಸಿಗುವವರು ಬಿಬಿಸಿ ನಿರೂಪಕರ ಹಾಗೆ ಮಾತನಾಡುವುದಿಲ್ಲ, ಅದಕ್ಕೆ ಈ ಹೆಜ್ಜೆ ಬೇಕೇ ಬೇಕು.

ಕೋರ್ಸ್‌ಗೆ ಈಗಲೇ ದುಡ್ಡು ಹಾಕಬೇಡಿ. ಓದಿದರೆ ತಿಳಿಯುತ್ತದೆ ಎಂದ ಮೇಲೆ ನಿಮಗೆ ಬೇಕಿರುವುದು ಪಾಠಕ್ಕಿಂತ ಹೆಚ್ಚಾಗಿ ಜೊತೆಗೆ ಕೇಳುವ ಒಬ್ಬರು. ಇಬ್ಬರೂ ಒಂದೇ ಅರ್ಧ ನಿಮಿಷ ಕೇಳಿ, ಬೇರೆ ಬೇರೆ ಬರೆದು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಬದಲಾಯಿಸಿಕೊಂಡರೆ ಒಬ್ಬರ ಕಿವಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಕ್ಕಿರುತ್ತದೆ. ಅಂಥವರು ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಮೊದಲ ತುಂಡಿನಲ್ಲಿ ನಿಮಗೆ ಕೇಳಿಸಿದ್ದನ್ನು ಕನ್ನಡ ಲಿಪಿಯಲ್ಲೇ ಈ ಉತ್ತರದ ಕೆಳಗೆ ಬರೆಯಿರಿ. ಎಲ್ಲೆಲ್ಲಿ ಏನು ಕೂಡಿಕೊಂಡಿದೆ ಎಂದು ಬಿಡಿಸಿ ಹೇಳುತ್ತೇನೆ.