ಗುಜರಿ ಎಂಜಿನ್ ಕೂರಿಸಬಹುದಾ?

ಪ್ರಶ್ನೆ: ನನ್ನ 2009ರ ಪಿಕಪ್‌ನಲ್ಲಿ ಇಂಡಿಯಿಂದ ವಿಜಯಪುರಕ್ಕೆ ನಿಂಬೆಹಣ್ಣು ಸಾಗಿಸುತ್ತೇನೆ. ರೇಡಿಯೇಟರ್ ಸೋರಿ ನೀರು ಖಾಲಿಯಾಗಿದ್ದು ಗೊತ್ತಾಗದೆ ಎಂಜಿನ್ ಒಳಗೇ ಬಿಗಿದುಕೊಂಡು ಸೀಜ್ ಆಯಿತು. ಗುಜರಿಯಲ್ಲಿ ಅದೇ ಮಾಡೆಲ್‌ನ ಎಂಜಿನ್ ಸಿಕ್ಕಿದೆ. ತಗೊಳ್ಳಲಾ?
– ಓದುಗರೊಬ್ಬರು, ಇಂಡಿ

ಉತ್ತರ: ತಗೊಳ್ಳಿ, ಆದರೆ ನೆಲದ ಮೇಲೆ ಬಿದ್ದಿರುವ ಎಂಜಿನ್‌ಗೆ ಸುಮ್ನೆ ದುಡ್ಡು ಎಣಿಸಬೇಡಿ. ಸ್ಟಾರ್ಟ್ ಮಾಡಿ ತೋರಿಸಿ ಅನ್ನಿ. ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಅಲ್ಲಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರುತ್ತವೆ, ಮುಚ್ಚಳದ ಒಳಗೆ ಹಾಲಿನ ಕೆನೆ ಥರ ಅಂಟಿದ್ದರೆ ಆಯಿಲ್‌ಗೆ ನೀರು ಸೇರಿರಬಹುದು, ಅಂಥದ್ದು ಬೇಡವೇ ಬೇಡ. ಗೇಜ್ ಹಾಕಿ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿದರೆ ಇನ್ನೂ ಒಳ್ಳೆಯದು, ನಾಲ್ಕೂ ಸಿಲಿಂಡರ್‌ಗಳಲ್ಲಿ ಹೆಚ್ಚೂಕಡಿಮೆ ಒಂದೇ ಇರಬೇಕು.

ಎಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್ ಬದಲಾಯಿಸಿ. ಆಮೇಲೆ ಅಷ್ಟಕ್ಕೇ ಗೇರ್‌ಬಾಕ್ಸ್ ಇಳಿಸೋದು ಜಾಸ್ತಿ ಖರ್ಚು ಅಲ್ವಾ? ರೇಡಿಯೇಟರ್ ಮಾತ್ರ ಹಾಗೇ ಬಿಡಬೇಡಿ, ಮೊದಲ ಎಂಜಿನ್ ಕೊಂದಿದ್ದೇ ಅದು!

ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ. ಹಾಗಾಗಿ ಗುಜರಿಯವರಿಂದ ನಂಬರ್ ಬರೆದ ಬಿಲ್ ಪಡೆದು, ಕೂರಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸಿ. ಬಿಲ್ ಕೊಡಲ್ಲ ಅಂದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಬನ್ನಿ.